ಮುದ್ದಯ್ಯ ಒಳಚರಂಡಿ ಕೆಲಸಕ್ಕೆ ಸೇರಿದ್ದು

ಕೂತ್ಕೊಳ್ಳಿ, ಹೇಳ್ತೀನಿ. ಬಸ್ಸು, ಟಾಕೀಸು, ದೊಡ್ಡಾಸ್ಪತ್ರೆ ಎಲ್ಲ ಇರುವ ಒಂದು ಪಟ್ಟಣ. ಅದರ ತಗ್ಗಿನಲ್ಲಿ ಹೊಂಡದ ಬೀದಿ. ಆ ಬೀದಿಯಲ್ಲಿ ಕೆಂಪಾಜಮ್ಮ ಅನ್ನುವ ಹೆಂಗಸು ಬೋಂಡ ಬಜ್ಜಿ ಕರಿದು ಮಾರುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಮುದ್ದಯ್ಯ.

ಮುದ್ದಯ್ಯ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ಕಾಯಿಲೆ. ಸ್ವಲ್ಪ ಬಾಣಲೆ ನೋಡ್ತಿರು ಅಂತ ಹೇಳಿ ಅವ್ವ ಅಂಗಡಿಗೆ ಹೋದರೆ, ಇವನು ಬಾಣಲೆಯನ್ನು ನೋಡುತ್ತಾ ಕೂತಿರುತ್ತಿದ್ದ. ಬೋಂಡ ಕೆಂಪಾಗಲಿ, ಕಪ್ಪಾಗಲಿ, ಇದ್ದಿಲಾಗಲಿ, ನೋಡುತ್ತಲೇ ಇರುತ್ತಿದ್ದ. ಅವ್ವ ಬಂದು ತಲೆ ಚಚ್ಚಿಕೊಂಡರೆ, "ಕಣ್ಣು ಮಿಟುಕಿಸದೆ ನೋಡ್ದೆ ಕಣವ್ವ" ಅನ್ನುತ್ತಿದ್ದ.

ಅವನಿಗೆ ಇನ್ನೊಂದು ಹುಚ್ಚಿತ್ತು. ನೀರು ಎಲ್ಲಿಗೆ ಹೋಗುತ್ತೆ ಅನ್ನೋದು. ಪಾತ್ರೆ ತೊಳೆದ ನೀರು ತೂತಿನಲ್ಲಿ ಗೊಳಗೊಳ ಅಂತ ಇಳಿದರೆ ಬಗ್ಗಿ ನೋಡುವನು, ಕಿವಿ ಇಟ್ಟು ಕೇಳುವನು. ಇದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಅವ್ವ ಚರಂಡಿಗೆ ಅನ್ನುವಳು. ಚರಂಡಿಯಿಂದ ಎಲ್ಲಿಗೆ? ಇನ್ನೊಂದು ಚರಂಡಿಗೆ. ಅಲ್ಲಿಂದ? ಅಲ್ಲಿಂದ ನನ್ನ ತಲೆ ಮೇಲೆ ಅನ್ನುವಳು. ಅವ್ವ ಆ ಕಡೆ ತಿರುಗಿದಾಗ ಅವಳ ತಲೆ ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡುವನು.

ಆ ಬೀದಿಯವರ ಕಷ್ಟವೂ ನೀರಿನದೇ. ಮಳೆಗಾಲ ಬಂತು ಅಂದರೆ ಬೀದಿಯ ಮಧ್ಯದ ಒಳಚರಂಡಿ ಗುಂಡಿ, ಅದೇ ಚೇಂಬರ್, ಉಕ್ಕುತ್ತಿತ್ತು. ಕೊಳಕು ನೀರು ಮನೆಯೊಳಕ್ಕೆ ನುಗ್ಗಿ, ಒಲೆ ಆರಿ, ಹಿಟ್ಟಿನ ಡಬ್ಬ ತೇಲಿ ಹೋಗುತ್ತಿತ್ತು. ಕೆಂಪಾಜಮ್ಮ ಮಂಚದ ಮೇಲೆ ಕೂತು ಚರಂಡಿ ಆಫೀಸಿನವರ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದಳು.

ಆ ಆಫೀಸಿನ ಮೇಸ್ತ್ರಿ ಓಬಳೇಶಪ್ಪ ಮಾತ್ರ ಅವಳ ಬೋಂಡಕ್ಕೆ ಖಾಯಂ ಗಿರಾಕಿ. ಒಂದು ದಿನ ಅವನಿಗೆ ಬಿಸಿ ಬೋಂಡ ಕೊಟ್ಟು ಕೇಳಿಯೇಬಿಟ್ಟಳು. "ಓಬಳೇಶಣ್ಣ, ಇವನನ್ನ ನಿಮ್ಮ ಜೊತೆ ಕರ್ಕೊಂಡು ಹೋಗಿ. ನೀರು ಎಲ್ಲಿಗೆ ಹೋಗುತ್ತೆ ಅಂತ ನನ್ನ ತಲೆ ತಿನ್ನೋದು ಬಿಟ್ಟು ನಿಮ್ಮ ತಲೆ ತಿನ್ನಲಿ."

ಓಬಳೇಶಪ್ಪನ ಬಾಯಲ್ಲಿ ಬೋಂಡ ಇತ್ತು. ಇಲ್ಲ ಅನ್ನಲು ಬಾಯಿ ಖಾಲಿ ಇರಲಿಲ್ಲ. ಹೂಂ ಅಂದ.

ಮೊದಲ ದಿನ ಪೇಟೆ ಬೀದಿಯಲ್ಲಿ ಕೆಲಸ. ಚೇಂಬರಿನ ಮುಚ್ಚಳ ತೆಗೆದು, ಲಾರಿಯಿಂದ ಉದ್ದನೆಯ ಪೈಪನ್ನು ಒಳಕ್ಕೆ ಬಿಟ್ಟು, ಮಷಿನ್ ಜೋರಾಗಿ ನೀರು ಹೊಡೆದು ಕಟ್ಟಿಕೊಂಡಿದ್ದನ್ನು ಬಿಡಿಸುತ್ತಿತ್ತು. ಮನುಷ್ಯರು ಯಾರೂ ಒಳಗೆ ಇಳಿಯೋ ಹಾಗಿಲ್ಲ, ಮಷಿನ್ನೇ ಮಾಡಬೇಕು ಅಂತ ಓಬಳೇಶಪ್ಪ ತಿಳಿಸಿ ಹೇಳಿದ. ಆಮೇಲೆ, ಈ ಚೇಂಬರಿನ ಹತ್ತಿರ ನಿಂತ್ಕೋ, ಯಾರನ್ನೂ ಈ ಕಡೆ ಬಿಡಬೇಡ ಅಂದ. ಮುದ್ದಯ್ಯ ಆಯ್ತು ಅಂದ. ಮುದ್ದಯ್ಯ ಆಯ್ತು ಅಂದರೆ ಆಯ್ತು.

ಕೆಲಸ ಮುಗಿಯಿತು. ಮುಚ್ಚಳ ಹಾಕಿದರು. ಲಾರಿ ಮುಂದಿನ ಬೀದಿಗೆ ಹೋಯಿತು, ಅಲ್ಲಿಂದ ಊಟಕ್ಕೆ ಹೋಯಿತು. ಮುದ್ದಯ್ಯ ಮಾತ್ರ ಮುಚ್ಚಿದ ಮುಚ್ಚಳದ ಪಕ್ಕ ಎರಡು ಕೈ ಚಾಚಿ ನಿಂತಿದ್ದ. ತರಕಾರಿ ಗಾಡಿ ಬಂತು, ವಾಪಸ್ಸು ಕಳಿಸಿದ. ಸಿಟಿ ಬಸ್ಸು ಬಂತು, ನಿಲ್ಲಿಸಿದ. ಅದರ ಹಿಂದೆ ಇನ್ನೊಂದು ಬಸ್ಸು, ಅದರ ಹಿಂದೆ ಮದುಮಗನ ಕಾರು. ಮುಹೂರ್ತ ಮೀರುತ್ತಿದೆ ಅಂತ ಮದುಮಗನ ಮಾವ ಕೈಮುಗಿದ. ಇವನೂ ತಿರುಗಿ ಕೈಮುಗಿದ, ದಾರಿ ಮಾತ್ರ ಬಿಡಲಿಲ್ಲ.

ಓಬಳೇಶಪ್ಪ ಓಡಿ ಬಂದು ಅವನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿ ಚೆನ್ನಾಗಿ ಬೈದ. ತೆರೆದಿದ್ದಾಗ ಕಾಯೋದು, ಮುಚ್ಚಿದ ಮೇಲೆ ಏನು ಕಾಯ್ತೀಯ? ಇನ್ನು ಮೇಲೆ ಕೆಲಸ ಮುಗಿಯಿತು ಅಂದ್ರೆ, ಬಾಯಿ ತೆರೆದಿರೋದನ್ನೆಲ್ಲ ಮುಚ್ಚಿ ಬಂದುಬಿಡು.

ಮುದ್ದಯ್ಯ ಆಯ್ತು ಅಂದ.

ಮುಂದಿನ ಕೆಲಸ ಮಳೆನೀರಿನ ಮೋರಿಯದು. ರಸ್ತೆಯ ಅಂಚಿನಲ್ಲಿ ಕಬ್ಬಿಣದ ಜಾಲರಿ ಇರುತ್ತಲ್ಲ, ರಸ್ತೆ ಮೇಲೆ ಬಿದ್ದ ಮಳೆ ಅದರೊಳಗೆ ಇಳಿದು ಕೆಳಗಿನ ದೊಡ್ಡ ಮೋರಿ ಸೇರಿ ಕೆರೆಗೆ ಹೋಗುತ್ತೆ. ಮಳೆಗಾಲಕ್ಕೆ ಮುಂಚೆ ಅದರಲ್ಲಿ ತುಂಬಿದ ಹೂಳು, ಎಲೆ, ಪ್ಲಾಸ್ಟಿಕ್ಕು ಎಲ್ಲ ತೆಗೀಬೇಕು. ತೆಗೆದರು. ಬೀದಿಯ ಆ ತುದಿಯಿಂದ ಈ ತುದಿವರೆಗೆ ಜಾಲರಿಗಳೆಲ್ಲ ಹಲ್ಲುಜ್ಜಿದ ಹಾಗೆ ಹೊಳೆದವು. ಮುದ್ದಯ್ಯ ಪ್ರತಿಯೊಂದರ ಮುಂದೆಯೂ ಕೂತು, ಇದು ಕೆರೆಗೆ ಹೋದ ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿದ. ಕೆಳಗಿನ ಕೆರೆಗೆ ಅಂದ ಓಬಳೇಶಪ್ಪ. ಆಮೇಲೆ? ಹೊಳೆಗೆ. ಆಮೇಲೆ? ಸಮುದ್ರಕ್ಕೆ. ಮುದ್ದಯ್ಯನ ಬಾಯಿ ತೆರೆದೇ ಉಳಿಯಿತು. ತಾನು ಹೂಳು ತೆಗೆದ ಜಾಲರಿಯಿಂದ ಸಮುದ್ರಕ್ಕೆ ದಾರಿ ಇದೆ ಅಂತ ಅವನಿಗೆ ಅಷ್ಟು ಖುಷಿ.

ಎಲ್ಲರೂ ಟೀ ಕುಡಿಯಲು ಹೋದರು. ಮುದ್ದಯ್ಯ ನೋಡಿದ. ಕೆಲಸ ಮುಗಿದಿದೆ, ಆದರೆ ಜಾಲರಿಗಳೆಲ್ಲ ಬಾಯಿ ತೆರೆದುಕೊಂಡೇ ಇವೆ. ಮೊದಲು ತನ್ನ ಬಾಯಿ ಮುಚ್ಚಿದ. ಆಮೇಲೆ ಗೋಣಿಚೀಲ ತಂದ, ಕಲ್ಲು ತಂದ. ಒಂದೊಂದನ್ನೂ ಗಟ್ಟಿಯಾಗಿ ಮುಚ್ಚಿ ಮನೆಗೆ ಬಂದ. ಸಂಜೆ ಮುಂಗಾರಿನ ಮೊದಲ ಮಳೆ ಸುರಿಯಿತು. ಆ ಬೀದಿಯಲ್ಲಿ ಚಪ್ಪಲಿ ಅಂಗಡಿಯವನ ಚಪ್ಪಲಿಗಳು ಜೋಡಿ ಜೋಡಿಯಾಗಿ ಈಜಿದವು.

ಬೆಳಿಗ್ಗೆ ಕೆಂಪಾಜಮ್ಮನ ಎದುರಿಗೇ ಓಬಳೇಶಪ್ಪ ಅವನನ್ನು ನಿಲ್ಲಿಸಿಕೊಂಡ. ಜಾಲರಿ ಇರೋದೇ ನೀರು ಒಳಗೆ ಹೋಗಲಿ ಅಂತ, ಕಸ ಹೊರಗೆ ನಿಲ್ಲಲಿ ಅಂತ. "ಇಷ್ಟು ತಿಳ್ಕೋ ಸಾಕು. ನೀರನ್ನ ಒಳಗೆ ಬಿಡಬೇಕು, ಬೇರೆ ಏನು ಬಂದ್ರೂ ತಡೀಬೇಕು."

ಅವ್ವನೂ ಅದನ್ನೇ ಹೇಳಿದಳು. ನೀರು ಬಿಡು, ಬೇರೆ ಎಲ್ಲ ತಡಿ. ಮುದ್ದಯ್ಯ ಆಯ್ತು ಅಂದ.

ಬೀದಿಯಲ್ಲಿ ಬಿಟ್ಟರೆ ಅಪಾಯ ಅಂತ ಅವನನ್ನು ಪಂಪ್‌ಹೌಸಿಗೆ ಹಾಕಿದರು. ತಗ್ಗಿನ ಮನೆಗಳ ಕೊಳಕು ನೀರೆಲ್ಲ ಅಲ್ಲಿನ ದೊಡ್ಡ ಬಾವಿಗೆ ಬಂದು ಬೀಳುತ್ತೆ. ಪಂಪು ಅದನ್ನು ಮೇಲಕ್ಕೆತ್ತಿ ದೂರದ ಶುದ್ಧೀಕರಣ ಘಟಕಕ್ಕೆ ತಳ್ಳುತ್ತೆ. ಇಂಥ ಜಾಗ ನೋಡಿ ಮುದ್ದಯ್ಯನಿಗೆ ಕಣ್ಣು ತುಂಬಿ ಬಂತು. ಅವ್ವ ಪಾತ್ರೆ ತೊಳೆದ ನೀರೂ ಇಲ್ಲಿಗೆ ಬರುತ್ತಾ ಅಂತ ಕೇಳಿದ. ಬರುತ್ತೆ, ಗೇಟಿನ ಹತ್ತಿರ ಹೋಗಿ ಕೂತ್ಕೋ ಅಂದರು.

ಅವತ್ತೇ ಪಂಪು ಕೆಟ್ಟಿತು. ರಿಪೇರಿ ಮಾಡುವವನು ಸಾಮಾನು ಹೊತ್ತು ಬಂದ. ಮುದ್ದಯ್ಯ ಗೇಟು ಹಾಕಿದ. ಕುಡಿಯುವ ನೀರಿನ ಟ್ಯಾಂಕರ್ ಬಂತು. ಗೇಟು ತೆಗೆದು, ಸಲಾಂ ಹೊಡೆದು ಒಳಗೆ ಬಿಟ್ಟ. ಬಾವಿಯ ನೀರು ಏರುತ್ತಿದೆ ಅಂತ ಸುದ್ದಿ ತಿಳಿದು ಇಂಜಿನಿಯರ್ ಶಕೀಲಾ ಮೇಡಂ ಜೀಪಿನಲ್ಲಿ ಬಂದರು. ಮುದ್ದಯ್ಯ ಅವರನ್ನು ಮೇಲಿಂದ ಕೆಳಗೆ ನೋಡಿದ.

"ಮೇಡಂ, ನೀವು ನೀರಾ?"

ಮೇಡಮ್ಮಿಗೆ ಅರ್ಥವಾಗಲಿಲ್ಲ. ತಾನು ಇಂಜಿನಿಯರ್ ಅಂದರು. ಹಾಗಾದ್ರೆ ಬಿಡೋ ಹಾಗಿಲ್ಲ ಅಂದ ಮುದ್ದಯ್ಯ, ಬಹಳ ವಿನಯವಾಗಿ. ಕೊನೆಗೆ ಮೇಡಮ್ಮೂ ರಿಪೇರಿಯವನೂ ಟ್ಯಾಂಕರ್ ವಾಪಸ್ಸು ಹೋಗಲು ಗೇಟು ತೆಗೆದಾಗ ನುಸುಳಿಕೊಂಡು ಒಳಗೆ ಬಂದು ಪಂಪು ಸರಿ ಮಾಡಿಸಿದರು. ಅಷ್ಟರಲ್ಲಿ ಹೊಂಡದ ಬೀದಿಯ ಚೇಂಬರ್ ಗುಳುಗುಳು ಅನ್ನುತ್ತಿತ್ತು. ಇನ್ನೂ ಸ್ವಲ್ಪ ತಡವಾಗಿದ್ದರೆ ಕೆಂಪಾಜಮ್ಮನ ಒಲೆ ಮತ್ತೆ ಆರುತ್ತಿತ್ತು.

ಆ ಸಂಜೆ ಅವಳು ಮಗನನ್ನು ಬೈಯಲೂ ಇಲ್ಲ. ಸುಮ್ಮನೆ ಕೂತು ಅತ್ತಳು. ಇನ್ನು ಕೆಲಸದಿಂದ ತೆಗೆದುಬಿಡ್ತಾರೆ ಅಂತ ಅವಳಿಗೆ ಗೊತ್ತಾಗಿತ್ತು. ಅವ್ವ ಅಳೋದು ನೋಡಿ ಮುದ್ದಯ್ಯ ಅವಳ ಪಕ್ಕ ಕೂತ. ಎಲ್ಲಿ ತಪ್ಪಾಯಿತು ಅಂತ ಯೋಚಿಸಿದ. ಹೇಳಿದ್ದೇ ಮಾಡಿದ್ದ. ಅದಕ್ಕಿಂತ ಹೆಚ್ಚು ಮಾಡಿರಲಿಲ್ಲ, ಕಡಿಮೆಯೂ ಮಾಡಿರಲಿಲ್ಲ.

ಆದರೆ ಶಕೀಲಾ ಮೇಡಮ್ಮಿಗೆ ಅವನ ಮೇಲೆ ಕೋಪಕ್ಕಿಂತ ನಗು ಜಾಸ್ತಿ ಬಂದಿತ್ತು. ಇನ್ನೊಂದು ಸಲ ನೋಡೋಣ ಅಂದರು. ಅವರಿಗೂ ಹೊಂಡದ ಬೀದಿಯದೇ ಚಿಂತೆ. ಅಲ್ಲಿನ ಚೇಂಬರಿನದು ಮನೆಯಲ್ಲಿ ಬಳಸಿದ ನೀರು ಹೋಗುವ ಕೊಳವೆ, ಮಳೆ ಬಂದಾಗ ಯಾಕೆ ಉಕ್ಕಬೇಕು? ಯಾರೋ ತಾರಸಿಯ ಮಳೆನೀರನ್ನು ಕದ್ದುಮುಚ್ಚಿ ಅದಕ್ಕೆ ಬಿಟ್ಟಿದ್ದಾರೆ. ಯಾರು ಅಂತ ಕಂಡುಹಿಡಿಯಲು ಒಂದು ಉಪಾಯ ಮಾಡಿದರು. ಚೇಂಬರಿನೊಳಕ್ಕೆ ಮಷಿನ್ನಿನಿಂದ ಬಿಳಿ ಹೊಗೆ ಬಿಡೋದು. ಯಾರ ಮನೆಯ ಮಳೆನೀರಿನ ಪೈಪಿನಿಂದ ಹೊಗೆ ಮೇಲೆ ಬರುತ್ತೋ ಅವರದು ಕಳ್ಳ ಜೋಡಣೆ.

ಓಬಳೇಶಪ್ಪ ಮುದ್ದಯ್ಯನ ಕೈಗೆ ಸುಣ್ಣದ ಬಕೆಟ್ಟು, ಕುಂಚ ಕೊಟ್ಟ. ಈ ಸಲ ಯಾರನ್ನೂ ತಡೀಬೇಡ, ಏನನ್ನೂ ಮುಚ್ಚಬೇಡ, ಬೀದಿಯಲ್ಲಿ ಎಲ್ಲಿ ಹೊಗೆ ಬರುತ್ತೋ ಅಲ್ಲಿ ಒಂದು ಗುರುತು ಹಾಕ್ಕೊಂಡು ಹೋಗು, ಅಷ್ಟೇ ಅಂದ.

ಮುದ್ದಯ್ಯ ಆಯ್ತು ಅಂದ.

ಹೊಗೆ ಬಿಟ್ಟರು. ಮುದ್ದಯ್ಯ ಹೊರಟ. ಕಟ್ಟೆ ಮೇಲೆ ನಿಂಗೇಗೌಡರು ಬೀಡಿ ಸೇದುತ್ತಿದ್ದರು. ಅವರ ಬೆನ್ನಿಗೆ ಒಂದು ಗುರುತು ಹಾಕಿದ. ಟೀ ಅಂಗಡಿಯ ಒಲೆಗೆ ಹಾಕಿದ. ಹೊಗೆ ಉಗುಳುವ ಆಟೋಗೆ ಹಿಂದೆ ಓಡಿ ಹಾಕಿದ. ಊದುಬತ್ತಿ ಹಚ್ಚಿದ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಗೆ, ಮಗುವಿಗೆ ಸಾಂಬ್ರಾಣಿ ಹಾಕುತ್ತಿದ್ದ ಅಜ್ಜಿಯ ಮೊರಕ್ಕೆ, ಎಲ್ಲಕ್ಕೂ ಹಾಕಿದ. ಹೊಸ ಕಲ್ಯಾಣ ಮಂಟಪದ ಗೋಡೆಗಿದ್ದ ದಪ್ಪ ಪೈಪಿನಿಂದಲೂ ಬಿಳಿ ಹೊಗೆ ಏಳುತ್ತಿತ್ತು. ಅದಕ್ಕೂ ಹಾಕಿದ. ಹಾಗೇ ಬರುತ್ತಾ ಬರುತ್ತಾ ತನ್ನ ಮನೆ ಮುಂದೆ ನಿಂತ. ಅವ್ವನ ಒಲೆಯಿಂದ ಹೊಗೆ. ಒಲೆಗೆ ಗುರುತು ಹಾಕಿದ. ತಲೆಯೆತ್ತಿ ನೋಡಿದರೆ, ತಾರಸಿಯಿಂದ ಇಳಿದ ಪೈಪಿನಿಂದಲೂ ಹೊಗೆ.

ಕೆಂಪಾಜಮ್ಮನ ಮುಖ ಬಿಳುಪಾಯಿತು. ಮಳೆನೀರು ಬಾಗಿಲ ಮುಂದೆ ನಿಂತರೆ ಗಿರಾಕಿ ಬರಲ್ಲ ಅಂತ ಯಾವತ್ತೋ ಅವಳೇ ಪ್ಲಂಬರನ್ನು ಕರೆಸಿ ಆ ಪೈಪನ್ನು ಚೇಂಬರಿಗೆ ಸೇರಿಸಿದ್ದಳು. ಇಷ್ಟು ವರ್ಷ ಆಫೀಸಿನವರಿಗೆ ಶಾಪ ಹಾಕಿದ್ದಳು.

"ಮಗ, ಅದೊಂದಕ್ಕೆ ಹಾಕಬೇಡ," ಅಂದಳು, ಮೆಲ್ಲಗೆ.

"ಬಿಡು ಅಂತ ಮೇಸ್ತ್ರಣ್ಣ ಹೇಳಿಲ್ವಲ್ಲವ್ವ," ಅಂದ ಮುದ್ದಯ್ಯ. ಹಾಕಿದ, ಎಲ್ಲರಿಗೂ ಕಾಣುವ ಹಾಗೆ ದಪ್ಪಗೆ.

ಓಬಳೇಶಪ್ಪ ಬಂದು ನೋಡಿದರೆ ಬೀದಿಯೆಲ್ಲ ಸುಣ್ಣ. ಬೆನ್ನು ತೋರಿಸಿಕೊಂಡು ನಿಂಗೇಗೌಡರು ಜಗಳಕ್ಕೆ ಬಂದರು. ಸರಿಯಾದ ಗುರುತು ಯಾವುದು, ಪೆದ್ದ ಗುರುತು ಯಾವುದು ಅಂತ ತಿಳಿಯಲು ಮೇಡಮ್ಮೂ ಓಬಳೇಶಪ್ಪನೂ ಮನೆ ಮನೆಗೆ ಹತ್ತಿ ಇಳಿಯಬೇಕಾಯಿತು. ಕೆಂಪಾಜಮ್ಮನ ಮನೆಗೆ ಬಂದಾಗ ಅವರು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು. ಆ ಪೈಪು ನಂದೇ, ಮೊದಲು ಅದನ್ನೇ ಕತ್ತರಿಸಿ ಅಂದಳು. ಬೋಂಡದ ಕೆಂಪಾಜಮ್ಮನೇ ಕತ್ತರಿಸಿ ಅಂದ ಮೇಲೆ ಬೀದಿಯಲ್ಲಿ ಇನ್ಯಾರೂ ತಕರಾರು ತೆಗೆಯಲಿಲ್ಲ. ಕಲ್ಯಾಣ ಮಂಟಪದವರು ಸ್ವಲ್ಪ ಗೊಣಗಿದರು, ಅವರದ್ದನ್ನೂ ಕತ್ತರಿಸಿ ಮಳೆನೀರಿನ ಮೋರಿಗೆ ತಿರುಗಿಸಿದರು.

ಕೆಲಸ ಮುಗಿಸಿ ಹೊರಡುವಾಗ ಓಬಳೇಶಪ್ಪ ಮುದ್ದಯ್ಯನ ಭುಜ ಹಿಡಿದುಕೊಂಡ. ಜನರ ಬೆನ್ನಿಗೆ ಸುಣ್ಣ ಬಳಿದಿದ್ದಕ್ಕೆ ಒಂದಿಷ್ಟು ಬೈದ. ಆಮೇಲೆ ಹೇಳಿದ. "ಉಳಿದದ್ದೆಲ್ಲ ಮರೆತುಬಿಡು. ಇದೊಂದು ನೆನಪಿಟ್ಕೋ. ಮಳೆನೀರು ಒಂದು ಹನಿಯೂ ಒಳಚರಂಡಿಗೆ ಸೇರಬಾರದು."

ಮುದ್ದಯ್ಯ ಆಯ್ತು ಅಂದ.

ಮುಂಗಾರು ಜೋರಾಯಿತು. ಒಂದು ಮಧ್ಯಾಹ್ನ ಆಕಾಶವೇ ಕಳಚಿ ಬಿದ್ದ ಹಾಗೆ ಮಳೆ. ಹೊಂಡದ ಬೀದಿಯವರು ಅಭ್ಯಾಸಬಲದಿಂದ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿ ಕಾದರು. ಚೇಂಬರ್ ಗುಳು ಅನ್ನಲಿಲ್ಲ. ಮಳೆನೀರು ಜಾಲರಿಗಳಲ್ಲಿ ಇಳಿದು ತನ್ನ ಪಾಡಿಗೆ ತಾನು ಹೋಯಿತು. ಕೆಂಪಾಜಮ್ಮನ ಒಲೆ ಉರಿಯುತ್ತಲೇ ಇತ್ತು. ಮಳೆಗೆ ಬಿಸಿ ಬಜ್ಜಿ ಅಂತ ಗಿರಾಕಿಗಳು ಸೂರಿನ ಕೆಳಗೆ ಸಾಲು ನಿಂತರು.

ಮಗ ಮಾತ್ರ ಕಾಣಲಿಲ್ಲ. ಕೊಡೆ ಹಿಡಿದು ಹುಡುಕಿಕೊಂಡು ಹೋದಳು. ಬೀದಿ ನಡುವೆ ಮುದ್ದಯ್ಯ ತನ್ನ ಅಂಗಿ ಬಿಚ್ಚಿ ಚೇಂಬರಿನ ಮುಚ್ಚಳಕ್ಕೆ ಹೊದಿಸಿ, ಮೇಲೆ ಬಗ್ಗಿ ನಿಂತಿದ್ದ. ಕೊಡೆ ಕಂಡ ಕೂಡಲೇ ಇಸ್ಕೊಂಡು ಅದನ್ನೂ ಮುಚ್ಚಳದ ಮೇಲೆ ಹಿಡಿದ. ಈಗ ತಾಯಿ ಮಗ ಇಬ್ಬರೂ ನೆನೆದರು, ಚೇಂಬರ್ ಮಾತ್ರ ಬೆಚ್ಚಗಿತ್ತು. ಅವಳಿಗೆ ಬೈಯಬೇಕು ಅನ್ನಿಸಿತು, ನಗು ಬಂತು. ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದಳು. ನೀರು ಕಾದಿದೆ, ಬಚ್ಚಲಿಗೆ ಹೋಗಿ ಹುಯ್ಕೊಂಡು ಮೈ ಒರೆಸ್ಕೊಂಡು ಬಾ, ಬಿಸಿ ಬಜ್ಜಿ ತಿನ್ನುವಂತೆ ಅಂದಳು.

ಮುದ್ದಯ್ಯ ಹೊಸಲು ದಾಟಲಿಲ್ಲ. ಕೂದಲಿನಿಂದ, ಮೂಗಿನಿಂದ, ಚಡ್ಡಿಯಿಂದ ತೊಟತೊಟ ಸುರಿಯುತ್ತಿತ್ತು.

"ಮೈಮೇಲೆ ಇರೋದು ಮಳೆನೀರು ಕಣವ್ವ. ಬಚ್ಚಲಲ್ಲಿ ಇಳಿದ್ರೆ ಒಳಚರಂಡಿಗೆ ಸೇರಿಬಿಡುತ್ತೆ."

"ಮತ್ತೇನೋ ಮಾಡ್ತೀಯ?"

"ಇಲ್ಲೇ ಹೊರಗೆ ನಿಂತಿರ್ತೀನಿ. ಮೈಯೆಲ್ಲ ಸೋರಿ ಒಣಗಿದ ಮೇಲೆ ಒಳಗೆ ಬರ್ತೀನಿ."

ಅಂತ ಹೇಳಿ, ಜಾಲರಿಯ ಪಕ್ಕಕ್ಕೆ ಹೋಗಿ, ಸುರಿಯುವ ಮಳೆಯಲ್ಲಿ ಕೈ ಅಗಲಿಸಿಕೊಂಡು, ಒಣಗಲಿ ಅಂತ ನಿಂತುಕೊಂಡ.