ಬೆಳ್ಳಿಬಣ್ಣದ ಇಂಜಿನ್ನು, ಕುಣಿಯುವ ಮುಳ್ಳು

ಆಯುಧಪೂಜೆಗೆಂದು ಹಾಲೇಶಪ್ಪನವರು ತಮ್ಮ ಹಳೇ ಕಾರಿನ ಇಂಜಿನ್ನಿಗೂ ಬೆಳ್ಳಿಬಣ್ಣ ಬಳಿದರು. ಮರುದಿನದಿಂದ ಆಯಿಲ್ ಪ್ರೆಶರ್ ತೋರಿಸುವ ಮುಳ್ಳು ಒಮ್ಮೆ ಮೇಲೇರಿ, ಒಮ್ಮೆ ಸೊನ್ನೆಗೆ ಬಿದ್ದು ಕುಣಿಯತೊಡಗಿತು.

“ಸುಳ್ಳುಬುರುಕ! ನನ್ನಲ್ಲಿ ಆಯಿಲ್ ಭರ್ತಿ ಇದೆ. ನಿನ್ನನ್ನು ನಂಬಿ ಇವರು ನನ್ನನ್ನು ಬಿಚ್ಚಿಹಾಕಿದರೆ ಗತಿಯೇನು?” ಎಂದು ಇಂಜಿನ್ನು ಗುಡುಗಿತು.

“ನಾನಾಗಿ ಏನನ್ನೂ ಕಟ್ಟಿ ಹೇಳುವುದಿಲ್ಲ. ನಿನ್ನ ಮಾತೇ ನನಗೆ ಅರ್ಧಂಬರ್ಧ ಕೇಳುತ್ತಿದೆ,” ಎಂದಿತು ಮುಳ್ಳು.

“ಇಂಜಿನ್ ಬಿಚ್ಚಿಬಿಡಿ ಮೇಸ್ತ್ರಿ,” ಎಂದರು ಹಾಲೇಶಪ್ಪ, ಕಾರನ್ನು ಗ್ಯಾರೇಜಿಗೆ ತಂದು ನಿಲ್ಲಿಸಿ. ಮೇಸ್ತ್ರಿ ದಸ್ತಗೀರ್ ಅವಸರಪಡಲಿಲ್ಲ. ಬೇರೊಂದು ಮೀಟರನ್ನು ಇಂಜಿನ್ನಿಗೇ ನೇರ ಜೋಡಿಸಿ ನೋಡಿದರು. ಪ್ರೆಶರ್ ಸರಿಯಾಗಿತ್ತು. ಆಮೇಲೆ ಮುಳ್ಳಿನ ವೈರಿನ ಜಾಡು ಹಿಡಿದು ಹೋಗಿ, ಅದನ್ನು ಇಂಜಿನ್ನಿಗೆ ಬಿಗಿದ ಜಾಗ ಕಂಡು ನಕ್ಕರು.

“ಪೂಜೆ ಜೋರಾಗೇ ಮಾಡಿದೀರಿ ಯಜಮಾನ್ರೇ. ವೈರು ಬಿಚ್ಚಿ ಅದರಡಿಗೂ ಬಣ್ಣ ಬಳಿದ್ರೆ ಕರೆಂಟ್ ದಾಟೋದು ಹೆಂಗೆ?”

ಬೆರಳಗಲ ಬಣ್ಣ ಕೆರೆದು ನಟ್ಟು ಬಿಗಿದರು. ಮುಳ್ಳು ನಡುವಿಗೆ ಬಂದು ನಿಂತಿತು.

“ನಾಲ್ಕು ಜನ ನೋಡುವ ಕಡೆಯೇ ಕೆರೆದುಬಿಟ್ಟರಲ್ಲ!” ಎಂದು ಇಂಜಿನ್ನು ಕೊರಗಿತು.

“ಇರಲಿ ಬಿಡು,” ಎಂದಿತು ಮುಳ್ಳು. “ನೀನು ಚೆನ್ನಾಗಿದ್ದೀಯೆಂದು ನನಗೆ ತಿಳಿಯುತ್ತಿರುವುದು ಆ ಜಾಗದಿಂದಲೇ.”