ಎಸ್ತೇರವ್ವನ ಹಾಡುವ ಡಬ್ಬಿ

ಯಾರ ಮುತ್ತಜ್ಜಿಯ ಕಾಲವೋ, ಹೇಳುವವರಿಗೂ ಗೊತ್ತಿಲ್ಲ, ಕೇಳುವವರು ಕೇಳಲೂಬಾರದು. ಕರಿಮಣ್ಣಿನ ಸೀಮೆಯಲ್ಲಿ ಒಂದು ಊರಿತ್ತು. ಆ ಊರಿನ ಚರ್ಚಿನ ಹಿಂದಿನ ಓಣಿಯಲ್ಲಿ ಎಸ್ತೇರವ್ವ ಅಂತ ಒಬ್ಬಳಿದ್ದಳು.

ರೇಡಿಯೋ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ಒಂದು ಸೋಲ್ಡರಿಂಗ್ ಐರನ್ನು, ಗೋಣಿಚೀಲದ ತುಂಬ ಕೆಟ್ಟ ರೇಡಿಯೋಗಳು. ಅಡುಗೆಮನೆಯಲ್ಲಿ ನೀರಿನ ಗಡಿಗೆಗಳ ಪಕ್ಕ, ಆ ಮನೆಯಲ್ಲಿ ತಂಪಾಗಿದ್ದ ಒಂದೇ ಒಂದು ಮೂಲೆಯಲ್ಲಿ, ಸೆರಗು ಸಿಕ್ಕಿಸಿಕೊಂಡು ಕೂತು ಒಂದೊಂದೇ ರೇಡಿಯೋ ಬಿಚ್ಚಿ ನೋಡಿದಳು. ಹಾಗೇ ಕಲಿತಳಂತೆ. ಅವಳು ಬೆನ್ನಿಗೆ ಒಂದು ಪೆಟ್ಟು ಕೊಟ್ಟರೆ ಸತ್ತ ರೇಡಿಯೋ ಕೆಮ್ಮಿ ಮಾತಾಡುತ್ತಿತ್ತು ಅಂತಾರೆ. ಅಂತಾರೆ ಅಷ್ಟೆ, ಎರಡು ಪೆಟ್ಟು ಬೇಕಾದ ದಿನಗಳೂ ಇದ್ದಿರಬೇಕು.

ಅವಳ ಅಣ್ಣನ ಮಗ ಆಮೋಸ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ, ಮದುವೆಮನೆಗಳಲ್ಲಿ ಗಿಟಾರು. ಅವನು ನುಡಿಸತೊಡಗಿದರೆ ಬೀಗರು ಊಟ ಮರೆಯುತ್ತಿದ್ದರಂತೆ, ಅದಕ್ಕೇ ಅಡುಗೆಯವರಿಗೆ ಅವನನ್ನು ಕಂಡರಾಗುತ್ತಿರಲಿಲ್ಲವಂತೆ. ಒಂದು ದಿನ ಮಿಲ್ಲಿನ ಯಂತ್ರ ಅವನ ಎಡಗೈಯ ಮೂರು ಬೆರಳು ತೆಗೆದುಕೊಂಡಿತು. ಉಳಿದದ್ದು ಹೆಬ್ಬೆರಳು, ತೋರುಬೆರಳು. ಗಿಟಾರಿನ ತಂತಿ ಒತ್ತುವ ಕೈಯೇ ಅದು. ಗಾಯವೇನೋ ಮಾಯಿತು. ಆಮೋಸ ಗಿಟಾರಿಗೆ ದುಪ್ಪಟಿ ಸುತ್ತಿ ಅಟ್ಟಕ್ಕೆ ಹಾಕಿದ, ಮನೆಯಲ್ಲಿ ಮಾತು ಬಿಟ್ಟ. ತಂಗಿ ರೂತಳ ಮದುವೆ ಗೊತ್ತಾದಾಗ, ಆ ದಿನ ನಾನು ಊರಲ್ಲೇ ಇರುವುದಿಲ್ಲ, ಗಿಟಾರು ಯಾರಿಗಾದರೂ ಕೊಟ್ಟುಬಿಡಿ ಅಂದನಂತೆ. ರೂತ ಎಸ್ತೇರವ್ವನ ಮುಂದೆ ಬಂದು ಕೂತಳು. ಅಣ್ಣ ಹೀಗೇ ಕಲ್ಲಾಗಿ ಹೋಗುವುದಾದರೆ ತನಗೆ ಯಾವ ಮದುವೆಯೂ ಬೇಡ ಅಂದಳು.

ಎಸ್ತೇರವ್ವ ಬಹಳ ಹೊತ್ತು ಯೋಚಿಸಿದಳು. ಮೀಟಿದ ಸ್ವರ ಗಿಟಾರಿನಲ್ಲಿ ಹುಟ್ಟಿದಷ್ಟೇ ಬೇಗ ಸಾಯುತ್ತದೆ. ಅದು ಸಾಯುವ ಮೊದಲು ಮುಂದಿನದು ಹುಟ್ಟಬೇಕು, ಅದಕ್ಕೇ ಅಷ್ಟೊಂದು ಬೆರಳು. ಸ್ವರವೇ ತಡವಾಗಿ ಸತ್ತರೆ? ಅವಳು ನೇರ ಆಮೋಸನ ಮನೆಗೆ ಹೋಗಿ ಹೇಳಿದಳಂತೆ:

"ಬೆರಳು ಹೋದ್ರ ಹೋಗವಲ್ವಾಕ. ಸ್ವರಾನ ಎಳದು ಉದ್ದ ಮಾಡೂಣು. ಅಟ್ಟದಿಂದ ಗಿಟಾರ ಇಳಸು."

ಆಮೋಸ ಇಳಿಸಲಿಲ್ಲ. ಅವಳೇ ಏಣಿ ಹತ್ತಿದಳು.

ಮೊದಲು ಬಿಸ್ಕೀಟಿನ ಒಂದು ತಗಡಿನ ಡಬ್ಬಿ ಬಂತು. ಕಾಲಲ್ಲಿ ಒತ್ತಲು ಟೇಬಲ್ ಫ್ಯಾನಿನಿಂದ ಕಿತ್ತ ಗುಂಡಿ. ಒಳಗೆ ಹಳೇ ರೇಡಿಯೋಗಳ ಟ್ರಾನ್ಸಿಸ್ಟರು, ಟಾರ್ಚಿನ ಸೆಲ್ಲು. ಗಿಟಾರಿನ ವೈರು ಡಬ್ಬಿಯನ್ನು ಹೊಕ್ಕು ಹೊರಬಂದು ಮೈಕ್ ಸೆಟ್ಟಿಗೆ ಹೋಗಬೇಕು. ಮೊದಲ ಡಬ್ಬಿಯನ್ನು ಒತ್ತಿದರೆ ಗಿಟಾರಿನ ಬದಲು ಆಕಾಶವಾಣಿಯ ಹವಾಮಾನ ವರದಿ ಬಂತಂತೆ. ಓಣಿಯ ಹೆಂಗಸರು ಮಳೆ ಯಾವಾಗ ಅಂತ ಕೇಳಲು ದಿನಾ ಬರತೊಡಗಿದರು. ಎರಡನೆಯದು ಕಿರುಚಿದ ಕಿರುಚಾಟಕ್ಕೆ ಊರ ನಾಯಿಗಳು ಹಳ್ಳ ದಾಟಿ ಓಡಿದವಂತೆ. ಬಿಚ್ಚಿದಳು, ಮತ್ತೆ ಕಟ್ಟಿದಳು. ಮತ್ತೆ ಬಿಚ್ಚಿದಳು. ಕೊನೆಗೊಂದು ಮಧ್ಯಾಹ್ನ ಆ ಗಡಿಗೆಗಳ ಪಕ್ಕ ಒಂದೇ ಒಂದು ಸ್ವರ ಎದ್ದು, ದಪ್ಪಗೆ, ಶಹನಾಯಿಯ ಹಾಗೆ ನಿಂತೇ ಬಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಆಮೋಸ ಒಳಗೆ ಬಂದು ಕೂತ. ಆಮೇಲೆ ಗಿಟಾರಿಗೆ ಕೈ ಚಾಚಿದ.

ಮದುವೆ ಬಂದದ್ದು ಸುಡುಬೇಸಿಗೆಯಲ್ಲಿ, ತಗಡಿನ ಚಪ್ಪರದ ಕೆಳಗೆ. ಆಮೋಸ ಎದ್ದು ನಿಂತ, ಕಾಲಿಂದ ಡಬ್ಬಿ ಒತ್ತಿದ, ತಂತಿ ಮೀಟಿದ. ಗೊರ್ ಅಂತ ಗೊರಕೆ ಹೊಡೆದ ಡಬ್ಬಿ ಉಗ್ಗಿತು, ಸುಮ್ಮನಾಯಿತು. ಮತ್ತೆ ಮೀಟಿದ. ಮತ್ತೆ ಅದೇ. ಜನ ಡಬ್ಬಿ ನೋಡಲಿಲ್ಲ, ಅವನ ಕೈ ನೋಡಿದರು. ಆಮೋಸನ ಮುಖ ಕಪ್ಪಿಟ್ಟಿತು, ಹೆಗಲಿಂದ ಗಿಟಾರಿನ ಪಟ್ಟಿ ತೆಗೆಯತೊಡಗಿದ. ಈಗ ಇಳಿಸಿದರೆ ಇವನು ಮತ್ತೆಂದೂ ಅದನ್ನು ಎತ್ತುವುದಿಲ್ಲ ಅಂತ ಎಸ್ತೇರವ್ವನಿಗೆ ಗೊತ್ತಾಯಿತು.

ಓಡಿಬಂದು ಡಬ್ಬಿ ಹಿಡಿದರೆ ಕಾದ ಹಂಚಿನ ಹಾಗೆ ಸುಟ್ಟಿತು. ಆಗ ಹೊಳೆಯಿತಂತೆ ಅವಳಿಗೆ. ಕಟ್ಟಿದ್ದೂ ಗಡಿಗೆ ಪಕ್ಕ, ನುಡಿಸಿ ನೋಡಿದ್ದೂ ಗಡಿಗೆ ಪಕ್ಕ, ಒಂದು ಸಲವಾದರೂ ಅದನ್ನು ಅಂಗಳಕ್ಕೆ ತಂದಿರಲಿಲ್ಲ. ಆ ಹಳೇ ಟ್ರಾನ್ಸಿಸ್ಟರುಗಳಿಗೆ ಸೆಕೆ ಆಗದು.

"ಎಂಥಾ ಹುಚ್ಚಿ ನಾ," ಅಂದಳು. "ಆಮೋಸಾ, ಪಟ್ಟಿ ತಗೀಬ್ಯಾಡ. ತಪ್ಪು ನಿನ್ನ ಕೈದಲ್ಲಪ್ಪಾ, ನಂದು."

ಪಂಕ್ತಿಯಿಂದ ಕುಡಿಯುವ ನೀರಿನ ಗಡಿಗೆ ತರಿಸಿದಳು. ಗಡಿಗೆಗೆ ಹಸಿ ಬಟ್ಟೆ ಸುತ್ತಿ, ಮುಚ್ಚಳದ ಮೇಲೆ ಡಬ್ಬಿ ಇಟ್ಟು ಗಾಳಿ ಬೀಸಿದಳು. ಇಡೀ ಮದುವೆ ಕಾಯಿತು. ಬೀಗರು ಗೊಣಗಿದರು, ಸಾರು ಆರಿತು, ಪ್ರಾರ್ಥನೆಗೆ ನಿಂತಿದ್ದ ಚರ್ಚಿನ ಅಯ್ಯನವರು ಕೂತರು. ರೂತ ಒಬ್ಬಳು ಅಲ್ಲಾಡದೆ ಅಣ್ಣನನ್ನೇ ನೋಡುತ್ತ ನಿಂತಳು. ಗಡಿಗೆಯ ಮೇಲಿನ ಡಬ್ಬಿಗೆ ಕಾಲು ಎಟುಕುವುದಿಲ್ಲವಲ್ಲ, ಹಾಗಾಗಿ ಗುಂಡಿಯನ್ನು ಎಸ್ತೇರವ್ವ ತಾನೇ ಕೈಯಿಂದ ಒತ್ತಿದಳು. ಆಮೋಸ ತೋರುಬೆರಳು ಊರಿ ಮೀಟಿದ.

ಆ ಸ್ವರ ಎಷ್ಟು ಹೊತ್ತು ನಿಂತಿತು ಅಂತ ಕೇಳಬೇಡಿ. ಹಳ್ಳದಾಚೆ ಹೋದ ನಾಯಿಗಳು ಅದನ್ನು ಕೇಳಿ ತಿರುಗಿ ಬಂದವು ಅಂತಾರೆ. ಅಡುಗೆಯವರೇ ಸೌಟು ಬಿಟ್ಟು ಬಂದು ನಿಂತರು ಅಂತಾರೆ. ಎಸ್ತೇರವ್ವನಿಗೆ ಎಷ್ಟು ಸಂತೋಷವಾಯಿತೆಂದರೆ ಗುಂಡಿಯಿಂದ ಕೈ ತೆಗೆಯುವುದನ್ನೇ ಮರೆತಳು. ಅಂದು ಆಮೋಸ ಸಂಜೆಯವರೆಗೆ ನುಡಿಸಿದ, ಆಮೇಲೆ ಮುದುಕನಾಗುವವರೆಗೂ ನುಡಿಸಿದ.

ಎಸ್ತೇರವ್ವ ಹೋಗಿ ಎಷ್ಟೋ ಕಾಲವಾಯಿತು. ಈಗ ಪೇಟೆಯಲ್ಲಿ ಸೆಕೆಗೆ ಅಂಜದ ಡಬ್ಬಿಗಳು ಸಿಗುತ್ತವೆ. ಆದರೂ ಆ ಸೀಮೆಯ ಮದುವೆಗಳಲ್ಲಿ ಗಿಟಾರಿನವರು ಡಬ್ಬಿಯನ್ನು ಗಡಿಗೆಯ ಮೇಲಿಟ್ಟು, ಮನೆಯ ಹಿರಿಯ ಹೆಂಗಸಿನ ಕೈಯಿಂದ ಗುಂಡಿ ಒತ್ತಿಸುತ್ತಾರೆ. ಮೊದಲು ಒಂದೇ ಸ್ವರ. ಅದು ಅಡಗುವವರೆಗೆ ಯಾರೂ ಮಾತಾಡುವುದಿಲ್ಲ. ಆ ಒಂದು ಸ್ವರ ನುಡಿಸುವಾಗ, ಐದೂ ಬೆರಳಿದ್ದವರು ಎಡಗೈಯ ಮೂರನ್ನು ಮಡಚಿಕೊಳ್ಳುತ್ತಾರೆ.