ಹನಿಯೂ ಸೋರದ ವಾಲ್ವು

ಊರಿಗೆ ನೀರು ಒಯ್ಯುವ ಒಂದು ದೊಡ್ಡ ಪೈಪಿತ್ತು. ಎಮ್ಮೆ ಹೊಕ್ಕರೂ ಜಾಗ ಮಿಗುವಷ್ಟು ದಪ್ಪ. ಅದರ ಹಳೆಯ ವಾಲ್ವು ಸದಾ ತೊಟ್ಟಿಕ್ಕುತ್ತಿತ್ತು. ಆ ಹನಿಗಳಿಂದಾದ ಹೊಂಡದಲ್ಲೇ ಸಾಕಮ್ಮನೆಂಬ ಕಪ್ಪೆಯ ವಂಶವೆಲ್ಲ ಬೆಳೆದದ್ದು. ಒಂದು ದಿನ ಹಳೆಯ ವಾಲ್ವನ್ನು ಬಿಚ್ಚಿ ಹಾಕಿದರು. ಅದರ ಜಾಗ ತಮಗೆ ಬೇಕೆಂದು ಇಬ್ಬರು ಹೊಸ ವಾಲ್ವುಗಳು ಬಂದು ನಿಂತರು.

"ಸಾಕಮ್ಮಾ, ಇಲ್ಲಿ ಹಳಬಳು ಅಂದರೆ ನೀನೇ. ಇವರಿಬ್ಬರಲ್ಲಿ ಯಾರಾಗಬಹುದು, ಹೇಳು," ಎಂದಿತು ಪೈಪು.

ಸಾಕಮ್ಮ ಹೊಂಡದ ಕಡೆ ನೋಡಿದಳು. ಹೊಂಡ ಒಣಗಿದರೆ ಮರಿಗಳ ಗತಿಯೇನು? ಇಬ್ಬರತ್ತ ತಿರುಗಿ, "ನೀವು ಸೋರುತ್ತೀರಾ?" ಎಂದು ಕೇಳಿದಳು.

ಗೇಟ್ ವಾಲ್ವು ಆನೆಯಂಥ ಆಳು. "ಸುಳ್ಳು ಯಾಕೆ ತಾಯಿ, ಕತ್ತಿನ ಹತ್ತಿರ ಸ್ವಲ್ಪ ಜಿನುಗಬಹುದು. ವರ್ಷಕ್ಕೊಮ್ಮೆ ಯಾರಾದರೂ ಬಂದು ಬಿಗಿ ಮಾಡಿದರೆ ನಿಂತುಹೋಗುತ್ತೆ," ಎಂದ.

ತಟ್ಟೆಯಂಥ ಮೈಯ ಬಟರ್‌ಫ್ಲೈ ವಾಲ್ವು ಗರ್ರನೆ ತಿರುಗಿ ನಿಂತ. "ನಾನಾ? ಒಂದು ಹನಿಯೂ ಇಲ್ಲ! ನನ್ನನ್ನು ಕೂರಿಸಿ ಮರೆತುಬಿಡಿ. ಯಾರೂ ಬಂದು ನೋಡೋದೇ ಬೇಡ."

"ಇವನೇ ಇರಲಿ," ಎಂದಳು ಸಾಕಮ್ಮ ತಕ್ಷಣ.

ಪೈಪು ಬೆರಗಾಗಿ ಹೊಗಳಿತು: "ಮಕ್ಕಳೊಂದಿಗಳಾಗಿಯೂ ಸೋರದವನನ್ನೇ ಆರಿಸಿದೆಯಲ್ಲ! ಎಂಥ ದೊಡ್ಡ ಮನಸ್ಸಮ್ಮ ನಿಂದು!"

ಸಾಕಮ್ಮ ವಿನಯದಿಂದ ತಲೆ ತಗ್ಗಿಸಿ ಹೊಂಡಕ್ಕೆ ಹಾರಿದಳು. ಮರಿಗಳು ಗೊಳೋ ಎಂದು ಅಳುತ್ತಿದ್ದವು. "ಅಮ್ಮಾ, ಜಿನುಗೋ ಮಾವನನ್ನ ಬಿಟ್ಟು ಇವನನ್ನ ಯಾಕಮ್ಮ ಆರಿಸಿದೆ?"

"ಅಳಬೇಡ್ರೋ. ಆ ಮಾವನಿಗೆ ಬಿಗಿ ಮಾಡೋಕೆ ವರ್ಷಾ ವರ್ಷಾ ಸ್ಪ್ಯಾನರ್ ಹಿಡ್ಕೊಂಡು ಬರ್ತಾರೆ. ಇವನ ಕಡೆ ಯಾರೂ ತಲೆ ಹಾಕಲ್ಲ. ಸ್ವಲ್ಪ ತಾಳಿ, ಹೊಂಡ ಏನು, ನಿಮಗೆ ಕೆರೆನೇ ಆಗುತ್ತೆ."